ಕಲ್ಲಿನ ಹೆಸರು ಆಮೇಲೆ, ಯಾವುದು ಮೊದಲು ಅಂತ ನೋಡಿ

(ಚಿತ್ರದುರ್ಗದಲ್ಲಿ ಪಿಯುಸಿ ಮತ್ತು ಬಿಎಸ್‌ಸಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಿಎಸ್‌ಸಿಯಲ್ಲಿ ಜಿಯಾಲಜಿ ಯಾಕೆ ತಗೊಂಡ್ರಿ ಅಂತ ಕೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠ. ಮ್ಯಾಥ್ಸ್ ಬೇಡ ಅನ್ನಿಸಿತು ಸಾರ್. ಬೇರೆ ಕಾಂಬಿನೇಷನ್‌ನಲ್ಲಿ ಸೀಟು ಇರಲಿಲ್ಲ ಸಾರ್. ಸೀನಿಯರ್ ಒಬ್ಬರು ಹೇಳಿದರು ಸಾರ್. ಕಲ್ಲು ಅಂದ್ರೆ ಇಷ್ಟ ಅಂತ ಹೇಳಿಕೊಂಡು ಬಂದವರು ತೀರಾ ಕಡಿಮೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೈಸ್ಕೂಲಿನಲ್ಲಿ ಎರಡು ಪಾಠ ಬಿಟ್ಟರೆ ಈ ವಿಷಯವನ್ನು ನಮಗೆ ಯಾರೂ ತೋರಿಸಿಯೇ ಇರುವುದಿಲ್ಲ. ಕಾಣದ್ದನ್ನು ಇಷ್ಟಪಡುವುದು ಹೇಗೆ?

ಹಾಗಾಗಿ ಇವತ್ತು ಭೂವಿಜ್ಞಾನ ಎಷ್ಟು ಮಹತ್ವದ್ದು ಅಂತ ಭಾಷಣ ಮಾಡುವುದಿಲ್ಲ. ಡಿಗ್ರಿಯಲ್ಲಿ ಏನು ಮಾಡುತ್ತೀರಿ, ಅದರಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು, ಮುಗಿಸಿದ ಮೇಲೆ ಏನು ದಾರಿ ಅಂತ ಹೇಳುತ್ತೇನೆ. ಮಧ್ಯೆ ಸ್ವಲ್ಪ ಕಲ್ಲಿನ ಕಥೆ ಬರುತ್ತದೆ. ಕ್ಷಮಿಸಬೇಕು, ಅದಿಲ್ಲದೆ ನನಗೆ ಮಾತಾಡಲು ಬರುವುದಿಲ್ಲ.

ನೀವು ಕೂತಿರುವ ಊರಿನಿಂದಲೇ ಶುರು ಮಾಡೋಣ. ಕೋಟೆಯ ಬಂಡೆಗಳು ಗ್ರಾನೈಟ್. ಆ ಕಡೆ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು. ಹಿರಿಯೂರಿನ ದಾರಿ ಹಿಡಿದರೆ ಮರಡಿಹಳ್ಳಿ. ಅಲ್ಲೊಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಇದೆ ಅಂತ ಎಷ್ಟು ಜನರಿಗೆ ಗೊತ್ತು? ಕೈ ಎತ್ತಿ ನೋಡೋಣ. ಸರಿ, ನಾಲ್ಕು ಕೈ. ದೇಶದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ತನ್ನ ಹೊಸ ಅಧಿಕಾರಿಗಳಿಗೆ ಫೀಲ್ಡ್ ತರಬೇತಿ ಕೊಡಲು ಆರಿಸಿಕೊಂಡ ಜಾಗಗಳಲ್ಲಿ ಚಿತ್ರದುರ್ಗವೂ ಒಂದು. ಬೇರೆ ರಾಜ್ಯದ ಹುಡುಗರು ಇಲ್ಲಿಗೆ ಬಂದು ಕಲಿತು ಹೋಗುತ್ತಾರೆ. ನಾವು ಅದೇ ಗುಡ್ಡದ ಪಕ್ಕ ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಹೋಗುತ್ತೇವೆ.

ಮರಡಿಹಳ್ಳಿಯಲ್ಲಿ ಏನಿದೆ? ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಾಣುವ ಕಲ್ಲು. ಪಿಲ್ಲೊ ಲಾವಾ. ನೀರಿನೊಳಗೆ ಲಾವಾ ಉಕ್ಕಿದಾಗ ಮಾತ್ರ ಈ ಆಕಾರ ಬರುತ್ತದೆ. ಕೆಂಡದಂಥ ಕಲ್ಲುರಸ ನೀರಿಗೆ ತಾಗಿದ ಕೂಡಲೇ ಮೇಲಿನ ಚರ್ಮ ಗಡಸಾಗುತ್ತದೆ. ಒಳಗೆ ಇನ್ನೂ ದ್ರವ. ಒತ್ತಡಕ್ಕೆ ಚರ್ಮ ಒಡೆದು ಇನ್ನೊಂದು ಉಂಡೆ ಹೊರಬರುತ್ತದೆ, ಅದೂ ಗಡಸಾಗುತ್ತದೆ. ಹೀಗೆ ರಾಶಿ ಬೀಳುತ್ತದೆ. ಇಲ್ಲಿಯದು 250 ಕೋಟಿ ವರ್ಷಕ್ಕಿಂತ ಹಳೆಯದು. ಅಂದರೆ ಬಯಲುಸೀಮೆ ಅಂತ ನಾವು ಕರೆಯುವ, ಮಳೆಗಾಗಿ ಮುಗಿಲು ನೋಡುವ ಈ ಜಾಗ ಒಂದು ಕಾಲದಲ್ಲಿ ನೀರಿನಡಿ ಇತ್ತು.

ಇಷ್ಟನ್ನು ಬೋರ್ಡಿನ ಮೇಲೂ ಬರೆದಿರುತ್ತಾರೆ. ಜಿಯಾಲಜಿ ವಿದ್ಯಾರ್ಥಿ ನೋಡಬೇಕಾದದ್ದು ಇನ್ನೊಂದಿದೆ. ಒಂದು ಉಂಡೆಯನ್ನು ಸರಿಯಾಗಿ ನೋಡಿ. ಒಂದು ಬದಿ ಗುಮ್ಮಟದ ಹಾಗೆ ಉಬ್ಬಿರುತ್ತದೆ. ಇನ್ನೊಂದು ಬದಿಗೆ ಚೂಪಾದ ಬಾಲ ಇರುತ್ತದೆ. ಮೊದಲು ಬಿದ್ದ ಎರಡು ಉಂಡೆಗಳ ಸಂದಿಗೆ ಮೂರನೆಯದು ಬಿದ್ದಾಗ, ಇನ್ನೂ ಮೆತ್ತಗಿರುವ ಅದರ ಹೊಟ್ಟೆ ಸಂದಿಯೊಳಗೆ ಇಳಿಯುತ್ತದೆ. ಅದೇ ಆ ಬಾಲ. ಹಾಗಾದರೆ ಬಾಲ ಇರುವ ಕಡೆ ಕೆಳಗೆ, ಉಬ್ಬು ಇರುವ ಕಡೆ ಮೇಲೆ. ಚಿತ್ರದುರ್ಗದ ಕಲ್ಲಿನ ಪದರಗಳು ಆಮೇಲೆ ಮಡಿಚಿ, ಓರೆಯಾಗಿ, ಕೆಲವು ಕಡೆ ನೆಟ್ಟಗೇ ನಿಂತಿವೆ. ನೆಟ್ಟಗೆ ನಿಂತ ಪದರದಲ್ಲಿ ಎಡಗಡೆಯದು ಹಳೆಯದೋ ಬಲಗಡೆಯದೋ? ಯಾವ ಪುಸ್ತಕ ನೋಡಿದರೂ ಗೊತ್ತಾಗುವುದಿಲ್ಲ. ಆ ಬಾಲ ನೋಡಿದರೆ ಗೊತ್ತಾಗುತ್ತದೆ.

ನನ್ನ ಪ್ರಕಾರ ಭೂವಿಜ್ಞಾನದ ಡಿಗ್ರಿಯಲ್ಲಿ ಕಲಿಯುವುದು ಇದನ್ನೇ. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಆಯಿತು, ಅದನ್ನು ಕಣ್ಣೆದುರಿನ ಕಲ್ಲಿನಿಂದ ಹೇಳುವುದು. ಹೆಸರುಗಳು ನೂರಾರಿವೆ. ಅವು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಪರೀಕ್ಷೆಗಳು ಹೆಸರಿಗೇ ಮಾರ್ಕ್ಸ್ ಕೊಡುತ್ತವೆ. ಟ್ರೇಯಲ್ಲಿ ಹತ್ತು ಕಲ್ಲು ಇಟ್ಟು ಗುರುತಿಸಿ ಅನ್ನುತ್ತಾರೆ. ಹುಡುಗರು ಕಲ್ಲಿನ ಮೂಲೆಗೆ ಬಳಿದ ಪೇಂಟ್ ನಂಬರ್ ನೆನಪಿಟ್ಟುಕೊಂಡು ಪಾಸಾಗುತ್ತಾರೆ. ಇದು ತಮಾಷೆಯ ಮಾತಲ್ಲ, ಕಣ್ಣಾರೆ ನೋಡಿದ್ದೇನೆ. ಒಂದು ಕಾಲೇಜಿನಲ್ಲಿ ನಂಬರ್ ಅದಲು ಬದಲು ಮಾಡಿದ ವರ್ಷ ಅರ್ಧ ಕ್ಲಾಸು ಬಸಾಲ್ಟನ್ನು ಸುಣ್ಣದ ಕಲ್ಲು ಅಂತ ಬರೆದಿತ್ತು.

ಈಗ ಸಿಲೆಬಸ್ ವಿಚಾರ. ಮೊದಲ ವರ್ಷ ಖನಿಜಗಳು, ಹರಳುಗಳು. ಮರದಲ್ಲಿ ಮಾಡಿದ ಹರಳಿನ ಮಾಡೆಲ್ ಕೈಗೆ ಕೊಟ್ಟು ಸಮ್ಮಿತಿ ಲೆಕ್ಕ ಹಾಕಿ ಅನ್ನುತ್ತಾರೆ. ಬೇಜಾರು ಬರುತ್ತದೆ, ನಿಜ. ಸಹಿಸಿಕೊಳ್ಳಿ. ಆಮೇಲೆ ಶಿಲೆಗಳು, ಪಳೆಯುಳಿಕೆಗಳು, ಮಡಿಕೆ ಮತ್ತು ಬಿರುಕುಗಳ ಪಾಠ, ಸ್ತರವಿಜ್ಞಾನ (ಕಲ್ಲಿನ ಪದರಗಳ ಕಾಲಕ್ರಮ), ಅದಿರುಗಳು, ಅಂತರ್ಜಲ, ಉಪಗ್ರಹ ಚಿತ್ರಗಳನ್ನು ಓದುವುದು. ಸ್ತರವಿಜ್ಞಾನವನ್ನು ನಮ್ಮಲ್ಲಿ ಕಲಿಸುವ ರೀತಿ ನನಗೆ ಒಂಚೂರೂ ಇಷ್ಟವಿಲ್ಲ. ಉದ್ದದ ಪಟ್ಟಿ, ಒಂದರ ಕೆಳಗೊಂದು ಹೆಸರು, ಬಾಯಿಪಾಠ. ಅಸಲಿಗೆ ಇಡೀ ಕೋರ್ಸಿನಲ್ಲಿ ಜಾಸ್ತಿ ಕಥೆ ಇರುವುದು ಅದರಲ್ಲೇ.

ಮೈಕ್ರೋಸ್ಕೋಪ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಯಾಕಂದ್ರೆ ಎಷ್ಟೋ ಜನಕ್ಕೆ ಈ ವಿಷಯದ ಮೇಲೆ ಮನಸ್ಸು ಬೀಳುವುದು ಅಲ್ಲಿ. ಕಲ್ಲಿನ ಒಂದು ಚೂರನ್ನು ಕತ್ತರಿಸಿ ಗಾಜಿಗೆ ಅಂಟಿಸುತ್ತಾರೆ. ಅಂಟು ಗಟ್ಟಿಯಾದ ಮೇಲೆ ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ ಉಜ್ಜುತ್ತಾ ಹೋಗುತ್ತಾರೆ. 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ. ಅಷ್ಟಾಗಿದೆ ಅಂತ ಗೊತ್ತಾಗುವುದು ಹೇಗೆ? ಸ್ಕೇಲ್ ಹಿಡಿದು ಅಳೆಯಲು ಆಗುವುದಿಲ್ಲ. ಮೈಕ್ರೋಸ್ಕೋಪಿನ ಎರಡೂ ಪೋಲರಾಯ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ ನೋಡಿದಾಗ ಬೆಣಚುಕಲ್ಲಿನ ಕಣ ಹಳದಿಯಾಗಿ ಕಂಡರೆ ಇನ್ನೂ ದಪ್ಪ ಇದೆ. ಬೂದು, ತಿಳಿ ಬಿಳಿ ಕಂಡರೆ ಸರಿಯಾಗಿದೆ. ಇನ್ನೂ ಉಜ್ಜಿದರೆ ಕಲ್ಲೇ ಮಾಯ. ಲ್ಯಾಬಿನಲ್ಲಿ ಈ ಕೆಲಸ ಮಾಡುವ ಅಟೆಂಡರುಗಳಿಗೆ ಕೆಲವು ಸಲ ಮೇಷ್ಟ್ರಿಗಿಂತ ಚೆನ್ನಾಗಿ ಆ ಬಣ್ಣ ಗೊತ್ತಿರುತ್ತದೆ.

ಬೆಂಗಳೂರಿನ ಯಾವುದೋ ಸೈಟಿನ ಪಾಯದಿಂದ ತಂದ ನೈಸ್, ಅಂದರೆ ಶಾಖ ಒತ್ತಡಕ್ಕೆ ಸಿಕ್ಕಿ ಪಟ್ಟಿ ಪಟ್ಟಿಯಾದ ಕಲ್ಲಿನ ಸ್ಲೈಡ್ ಇಟ್ಟಿದ್ದೀರಿ ಅನ್ನಿ. ಬರಿಗಣ್ಣಿಗೆ ಅದು ಬೂದು ಬಣ್ಣದ ಸೈಜುಗಲ್ಲು. ಮೈಕ್ರೋಸ್ಕೋಪಿನಲ್ಲಿ ಪ್ಲೇಜಿಯೊಕ್ಲೇಸ್ ಅನ್ನುವ ಖನಿಜಕ್ಕೆ ಕಪ್ಪು ಬಿಳಿ ಪಟ್ಟಿ. ಮೈಕ್ರೋಕ್ಲೈನಿಗೆ ಅಡ್ಡ ಉದ್ದ ಚೌಕುಳಿ. ಬಯೋಟೈಟ್ ಅನ್ನುವ ಕರಿ ಅಭ್ರಕ, ಒಂದು ಪೋಲರಾಯ್ಡ್ ತೆಗೆದು ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ತಿರುಗಿಸಿದರೆ, ತಿಳಿ ಕಂದಿನಿಂದ ಕಡು ಕಂದಿಗೆ ಹೋಗಿ ಮತ್ತೆ ತಿಳಿಯಾಗುತ್ತದೆ. ಈಗ ಬೆಣಚುಕಲ್ಲಿನ ಕಣ ನೋಡಿ. ಪೆಟ್ಟು ತಿನ್ನದ ಕಣವಾದರೆ ಸ್ಟೇಜ್ ತಿರುಗಿಸುವಾಗ ಇಡೀ ಕಣ ಒಂದೇ ಸಲ ಕಪ್ಪಾಗಬೇಕು. ಇಲ್ಲಿ ಹಾಗಾಗುವುದಿಲ್ಲ. ಒಂದು ನೆರಳು ಕಣದ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಸರಿಯುತ್ತದೆ. ಆ ಕಣ ಬಗ್ಗಿದೆ ಅಂತ ಅರ್ಥ. ಗಟ್ಟಿ ಕಲ್ಲು, ನೆಲದ ಆಳದಲ್ಲಿ, ಒಡೆಯದೆ ಬಗ್ಗಿದೆ. ಹರಳು ಮೊದಲು ಹುಟ್ಟಿತು, ಒತ್ತಡ ಆಮೇಲೆ ಬಂತು. ಒಂದು ಮಿಲಿಮೀಟರ್ ಕಣದಲ್ಲೂ ಅದೇ ಪ್ರಶ್ನೆ, ಯಾವುದು ಮೊದಲು?

ಇದೇ ಪ್ರಶ್ನೆಯನ್ನು ಕಲ್ಲು ಕ್ವಾರಿಯಲ್ಲಿ ಕೇಳಿ. ಬೆಂಗಳೂರು, ರಾಮನಗರ, ಕನಕಪುರದ ಸುತ್ತ ಎಲ್ಲಿ ಹೋದರೂ ಕತ್ತರಿಸಿದ ಗೋಡೆ ಸಿಗುತ್ತದೆ. ಬೂದು ನೈಸಿನ ಪಟ್ಟಿಗಳು ಸುರುಳಿ ಸುರುಳಿಯಾಗಿ ಮಡಿಚಿರುತ್ತವೆ. ಆ ಮಡಿಕೆಗಳನ್ನು ಕತ್ತರಿಸಿಕೊಂಡು ಗುಲಾಬಿ ಬಣ್ಣದ ಒಂದು ಎಳೆ ಹೋಗಿರುತ್ತದೆ. ಆ ಗುಲಾಬಿ ಎಳೆಯನ್ನೂ ಕತ್ತರಿಸಿಕೊಂಡು ಅಗಲವಾದ ಕಪ್ಪು ಗೋಡೆಯೊಂದು ನೇರ ನುಗ್ಗಿರುತ್ತದೆ. ಇದು ಡೈಕ್, ಬಿರುಕಿಗೆ ನುಗ್ಗಿ ಗಟ್ಟಿಯಾದ ಕಲ್ಲುರಸ. ಅಡುಗೆಮನೆ ಕಟ್ಟೆಗೆ ಹಾಕುವ ಚಾಮರಾಜನಗರದ ಕರಿ ಕಲ್ಲು ಇಂಥದ್ದೇ ಡೈಕುಗಳಿಂದ ಬರುತ್ತದೆ. ಕತ್ತರಿಸಿದ್ದು ಚಿಕ್ಕದು, ಕತ್ತರಿಸಿಕೊಂಡದ್ದು ದೊಡ್ಡದು. ವಯಸ್ಸಿನಲ್ಲಿ. ಇಷ್ಟು ಗೊತ್ತಾದರೆ ಆ ಗೋಡೆಯ ಇತಿಹಾಸವನ್ನು ಯಾವ ಯಂತ್ರವೂ ಇಲ್ಲದೆ ನಾಲ್ಕು ಸಾಲಿನಲ್ಲಿ ಬರೆಯಬಹುದು. ನೈಸ್ ಆಯಿತು, ಮಡಿಚಿತು, ಗುಲಾಬಿ ಎಳೆ ಹೊಕ್ಕಿತು, ಕಪ್ಪು ಡೈಕ್ ಹೊಕ್ಕಿತು.

ವರ್ಷದ ಲೆಕ್ಕ ಬೇಕಾದರೆ ಲ್ಯಾಬಿಗೆ ಹೋಗಬೇಕು. ಕಲ್ಲನ್ನು ಪುಡಿ ಮಾಡಿ ಜಿರ್ಕಾನ್ ಅನ್ನುವ ಸಣ್ಣ ಹರಳುಗಳನ್ನು ಆರಿಸುತ್ತಾರೆ. ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಪರಮಾಣುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಬಿಟ್ಟುಕೊಳ್ಳುವುದೇ ಇಲ್ಲ. ಹಾಗಾಗಿ ಇವತ್ತು ಅದರೊಳಗೆ ಸಿಗುವ ಸೀಸ ಬಹುಪಾಲು ಅಲ್ಲೇ ಯುರೇನಿಯಂ ತಾನಾಗಿ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂ 238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಯುರೇನಿಯಂ 235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು. ಹೀಗೆ ಲೆಕ್ಕ ಹಾಕಿದಾಗ ಹಾಸನ ಜಿಲ್ಲೆಯ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷದ್ದು. ರಾಮನಗರದ ಗುಡ್ಡಗಳ ಗ್ರಾನೈಟ್ ಸುಮಾರು 250 ಕೋಟಿ. ಆ ಊರಿನ ಹಳೇ ಹೆಸರು ಕ್ಲೋಸ್‌ಪೇಟೆ, ಅದಕ್ಕೇ ಪುಸ್ತಕಗಳಲ್ಲಿ ಇವತ್ತಿಗೂ ಅದು ಕ್ಲೋಸ್‌ಪೇಟ್ ಗ್ರಾನೈಟ್. ಬೆಂಗಳೂರಿನ ಸುತ್ತಿನ ಅನೇಕ ಡೈಕುಗಳು ಸುಮಾರು 237 ಕೋಟಿ ವರ್ಷದವು. ಕ್ವಾರಿ ಗೋಡೆಯಲ್ಲಿ ಕಣ್ಣಿಂದ ಕಂಡ ಕ್ರಮವೇ ಲ್ಯಾಬಿನಲ್ಲೂ ಬಂತು, ನೋಡಿ.

ಪೂರ್ತಿ ಕಾಣೆಯಾದ ಕಾಲವನ್ನೂ ಕಲ್ಲಿನಲ್ಲಿ ನೋಡಬಹುದು. ನಿಮ್ಮಲ್ಲಿ ತಿರುಪತಿಗೆ ಹೋಗದವರು ಕಡಿಮೆ ಅಲ್ವಾ? ಬೆಟ್ಟ ಹತ್ತುವ ಘಾಟ್ ರಸ್ತೆಯಲ್ಲಿ ಒಂದು ಕಡೆ ಕೆಳಗೆ ಗ್ರಾನೈಟ್, ಅದರ ಮೇಲೆ ಚಪ್ಪಟೆ ಪದರದ ಕ್ವಾರ್ಟ್ಜೈಟ್, ಅಂದರೆ ಮರಳು ಗಟ್ಟಿಯಾದ ಕಲ್ಲು. ನಡುವೆ ಒಂದು ಗೆರೆ. ಆ ಗೆರೆಯಲ್ಲಿ ಸುಮಾರು 80 ಕೋಟಿ ವರ್ಷ ಕಾಣೆಯಾಗಿದೆ. ಕೆಳಗಿನ ಗ್ರಾನೈಟ್ ಆಳದಲ್ಲಿ ಹುಟ್ಟಿ, ಮೇಲಿದ್ದದ್ದೆಲ್ಲ ಸವೆದು, ಬಯಲಿಗೆ ಬಂದು, ಅದರ ಮೇಲೆ ಹೊಸದಾಗಿ ಮರಳು ಕೂತು ಗಟ್ಟಿಯಾಗಲು ಅಷ್ಟು ಕಾಲ. ಅದೂ ರಾಷ್ಟ್ರೀಯ ಸ್ಮಾರಕವೇ. 1788ರಲ್ಲಿ ಸ್ಕಾಟ್ಲೆಂಡಿನ ಸಮುದ್ರ ದಡದಲ್ಲಿ ಜೇಮ್ಸ್ ಹಟನ್ ಇಂಥದ್ದೊಂದು ಗೆರೆಯನ್ನು ತನ್ನ ಸ್ನೇಹಿತರಿಗೆ ತೋರಿಸಿದ. ಭೂಮಿಯ ವಯಸ್ಸು ಕೆಲವು ಸಾವಿರ ವರ್ಷವಷ್ಟೇ ಅಂತ ನಂಬಿದ್ದವರ ಕಾಲ ಅದು. ಮುಂದಿನ ಸಲ ಘಾಟಿಯಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತುಕೊಳ್ಳಿ.

ಈ ಓದಿಗೆ ನಮ್ಮ ನಾಡಿನಲ್ಲಿ ಹಳೆಯ ಬೇರಿದೆ. ಚುಟುಕಾಗಿ ಹೇಳುತ್ತೇನೆ. ಜಿಎಸ್‌ಐ ಶುರುವಾದದ್ದು 1851ರಲ್ಲಿ. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಮೊದಲು ನಡೆಸಿದವರು ರಾಬರ್ಟ್ ಬ್ರೂಸ್ ಫೂಟ್. ಚಿತ್ರದುರ್ಗದ ಲಾವಾ, ಪದರಗಳಂಥ ನಮ್ಮ ಈ ಕಲ್ಲುಗಳಿಗೆ ಧಾರವಾಡ ಅಂತ ಹೆಸರಿಟ್ಟವರೂ ಅವರೇ. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರಂನಲ್ಲಿ ಅವರಿಗೆ ಒಂದು ಕಲ್ಲಿನ ಆಯುಧ ಸಿಕ್ಕಿತ್ತು. ಭಾರತದ ಹಳೆ ಶಿಲಾಯುಗದ ಅಧ್ಯಯನ ಶುರುವಾದದ್ದೇ ಅಲ್ಲಿಂದ. ಮುಂದೆ ಬಿ.ಪಿ. ರಾಧಾಕೃಷ್ಣ ಅದೇ ಇಲಾಖೆಯಲ್ಲಿ ಬೆಳೆದು ಅದರ ನಿರ್ದೇಶಕರಾದರು. 1958ರಲ್ಲಿ ಹುಟ್ಟಿದ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾವನ್ನು ಬೆಂಗಳೂರಿನಲ್ಲಿ ಕೂತು ದಶಕಗಳ ಕಾಲ ಬೆಳೆಸಿದರು. ಕೋಲಾರದ ಚಿನ್ನದ ಗಣಿ ಕಥೆ ಎಲ್ಲರಿಗೂ ಗೊತ್ತು. ಮೂರು ಕಿಲೋಮೀಟರಿಗಿಂತ ಆಳ, 1902ರಲ್ಲಿ ಶಿವನಸಮುದ್ರದಿಂದ ಕರೆಂಟು, 2001ರಲ್ಲಿ ಬೀಗ. ಸಿನಿಮಾ ನೋಡಿ ಜಿಯಾಲಜಿ ತಗೊಂಡವರೂ ಇದ್ದಾರೆ. ತಪ್ಪೇನಿಲ್ಲ. ಚಿನ್ನ ಬೇಕಿದ್ದರೆ ರಾಯಚೂರಿನ ಹಟ್ಟಿಯಲ್ಲಿ ಗಣಿ ಇನ್ನೂ ನಡೆಯುತ್ತಿದೆ.

ಈಗ ಫೀಲ್ಡ್. ಇದಿಲ್ಲದಿದ್ದರೆ ಜಿಯಾಲಜಿ ಡಿಗ್ರಿಗೆ ಬೆಲೆ ಇಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ಗುಡ್ಡ, ಹಳ್ಳ, ಎತ್ತರ ತೋರಿಸುವ ನಕ್ಷೆ), ಕ್ಲೈನೋಮೀಟರ್ ಕಂಪಾಸು (ದಿಕ್ಕು, ಓರೆ ಅಳೆಯುವುದು), ಸುತ್ತಿಗೆ, ಲೆನ್ಸು, ನೋಟ್‌ಬುಕ್ಕು, ನೀರಿನ ಬಾಟಲಿ. ಇಷ್ಟು ಸಾಮಾನು. ಪದರ ಯಾವ ದಿಕ್ಕಿಗೆ ಹರಡಿದೆ, ಎಷ್ಟು ಓರೆಯಾಗಿದೆ ಅಂತ ಅಳೆಯುವುದು ಮೊದಲ ಪಾಠ. ಸ್ಟ್ರೈಕ್ ಮತ್ತು ಡಿಪ್. ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದರೂ ಅರ್ಧ ಜನಕ್ಕೆ ತಲೆಗೆ ಹೋಗುವುದಿಲ್ಲ. ಫೀಲ್ಡಿನಲ್ಲಿ ಬಾಟಲಿಯಿಂದ ಸ್ವಲ್ಪ ನೀರನ್ನು ಓರೆ ಪದರದ ಮೇಲೆ ಸುರಿಯಿರಿ. ನೀರು ಇಳಿದ ದಿಕ್ಕು ಡಿಪ್. ಅದಕ್ಕೆ ಅಡ್ಡವಾಗಿ, ಮಟ್ಟಸವಾಗಿ ಎಳೆದ ಗೆರೆ ಸ್ಟ್ರೈಕ್. ಮುಗಿಯಿತು. ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಸುತ್ತಿಗೆ ಹಿಡಿದು ಗುಡ್ಡದ ಮೇಲೆ ನಿಂತರೆ ಕುರಿ ಕಾಯುವವರು ಬಂದು ಕೇಳುವುದು ಎರಡೇ ಪ್ರಶ್ನೆ. "ನಿಧಿ ಏನಾದ್ರೂ ಐತಾ?" ಮತ್ತು "ಬೋರ್ ಪಾಯಿಂಟ್ ನೋಡಿ ಕೊಡ್ತೀರಾ?" ಮೊದಲನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೆಯದಕ್ಕೆ ಉತ್ತರ ಕೊಡುವ ಯೋಗ್ಯತೆ ನಿಮಗೆ ಬರಬೇಕು.

ಕರ್ನಾಟಕದ ಹೆಚ್ಚಿನ ಭಾಗ ಗಟ್ಟಿ ಕಲ್ಲಿನ ನೆಲ. ತಾಜಾ ಗ್ರಾನೈಟ್ ಒಳಗೆ ನೀರು ನಿಲ್ಲಲು ಜಾಗವೇ ಇಲ್ಲ. ನೀರು ಇರುವುದು ಎರಡೇ ಕಡೆ. ಮೇಲೆ, ಕಲ್ಲು ಕೊಳೆತು ಗರಸು ಆಗಿರುವ ಪದರದಲ್ಲಿ. ಕೆಳಗೆ, ಕಲ್ಲಿನ ಬಿರುಕುಗಳಲ್ಲಿ. ನೆಲದಡಿ ನದಿ ಹರಿಯುತ್ತದೆ ಅನ್ನುವುದನ್ನು ಮನಸ್ಸಿನಿಂದ ತೆಗೆದುಹಾಕಿ. ರೆಸಿಸ್ಟಿವಿಟಿ ಯಂತ್ರ ಮಾಡುವುದಿಷ್ಟು. ನಾಲ್ಕು ಸರಳುಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ನೆಡುತ್ತೀರಿ. ಹೊರಗಿನ ಎರಡರಿಂದ ಕರೆಂಟು ಬಿಡುತ್ತೀರಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತೀರಿ. ಹೊರಗಿನ ಸರಳುಗಳನ್ನು ದೂರ ದೂರ ಮಾಡುತ್ತಾ ಹೋದರೆ ಕರೆಂಟು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಗಟ್ಟಿ ಕಲ್ಲು ಕರೆಂಟನ್ನು ತಡೆಯುತ್ತದೆ. ಒದ್ದೆ ಗರಸು ಬಿಟ್ಟುಕೊಡುತ್ತದೆ. ಜೇಡಿಮಣ್ಣೂ ಬಿಟ್ಟುಕೊಡುತ್ತದೆ, ಆದರೆ ಅದರಿಂದ ನೀರು ಬರುವುದಿಲ್ಲ. ಎಂಟುನೂರು ಅಡಿ ಕೆಳಗಿನ ಬೆರಳಗಲದ ಬಿರುಕನ್ನು ಈ ಯಂತ್ರ ಮೇಲಿನಿಂದ ಕಂಡುಹಿಡಿಯಲಾರದು. ಕಂಡುಹಿಡಿಯುತ್ತೇನೆ ಅನ್ನುವವರಿಂದ ದೂರ ಇರಿ.

ತೆಂಗಿನಕಾಯಿ, ಬೇವಿನ ಕಡ್ಡಿ ಹಿಡಿದು ಪಾಯಿಂಟ್ ಮಾಡುವವರ ಬಗ್ಗೆ ಖಂಡಿತ ಕೇಳುತ್ತೀರಿ. ಅವರಲ್ಲಿ ಕೆಲವರಿಗೆ ಊರಿನ ನೆಲ ಚೆನ್ನಾಗಿ ಗೊತ್ತಿರುತ್ತದೆ. ತಗ್ಗು ಎಲ್ಲಿದೆ, ಹುತ್ತ ಎಲ್ಲಿದೆ, ಯಾವ ಮರ ಬೇಸಿಗೆಯಲ್ಲೂ ಹಸಿರಾಗಿದೆ ಅಂತ ಗಮನಿಸಿರುತ್ತಾರೆ. ಕೆಲಸ ಮಾಡುವುದು ಆ ಗಮನ, ಕಾಯಿ ಅಲ್ಲ. ನೀರು ಬಿದ್ದ ಪಾಯಿಂಟ್ ಊರಿಗೆಲ್ಲ ನೆನಪಿರುತ್ತದೆ. ಫೇಲಾದದ್ದು ಸಾಲ ಮಾಡಿದ ಮನೆಯವರಿಗೆ ಮಾತ್ರ ನೆನಪಿರುತ್ತದೆ.

ನಿಮ್ಮೂರಲ್ಲಿ ರಿಗ್ ಲಾರಿ ಬಂದ ದಿನ ಹೋಗಿ ನಿಲ್ಲಿ. ದುಡ್ಡಿಲ್ಲದ ಲ್ಯಾಬು ಅದು. ಕೇಸಿಂಗ್ ಪೈಪು ಎಷ್ಟು ಅಡಿ ಇಳಿಸಿದರು ಅಂತ ಕೇಳಿ. ಗಟ್ಟಿ ಕಲ್ಲು ಸಿಗುವವರೆಗೆ ಇಳಿಸುತ್ತಾರೆ, ಹಾಗಾಗಿ ಕೇಸಿಂಗಿನ ಉದ್ದ ಅಂದರೆ ಹೆಚ್ಚುಕಡಿಮೆ ಕೊಳೆತ ಪದರದ ದಪ್ಪ. ಆಮೇಲೆ ಗಾಳಿಯ ಒತ್ತಡಕ್ಕೆ ಮೇಲೆ ಬರುವ ಪುಡಿ ನೋಡಿ. ಬೂದು ಪುಡಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಕಪ್ಪಾದರೆ ಬಹುಶಃ ಡೈಕಿಗೆ ಬಡಿದಿದೆ. ಪುಡಿ ಒದ್ದೆಯಾಗಿ ಮುದ್ದೆ ಮುದ್ದೆ ಬಂದರೆ ಬಿರುಕು ಸಿಕ್ಕಿದೆ. ಐವತ್ತು ಅಡಿಗೊಮ್ಮೆ ಒಂದು ಹಿಡಿ ಪುಡಿಯನ್ನು ಕವರಿನಲ್ಲಿ ಹಾಕಿ ಆಳ ಬರೆದಿಡಿ. ಅಂಥ ಹತ್ತು ಬೋರ್‌ವೆಲ್ಲಿನ ಕವರು ಇಟ್ಟುಕೊಂಡು ಬಂದ ವಿದ್ಯಾರ್ಥಿಗೆ ನಾನು ಪ್ರಾಜೆಕ್ಟಿನಲ್ಲಿ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಸೀನಿಯರ್ ಬೈಂಡ್ ಮಾಡಿಸಿಟ್ಟ ವರದಿಯ ಹೆಸರು ಬದಲಿಸಿ ತಂದವರಿಗೆ ಏನು ಕೊಡುತ್ತೇನೆ ಅಂತ ಕೇಳಬೇಡಿ.

ನೀರು ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಪಾವಗಡ, ಕೋಲಾರ, ಈ ಜಿಲ್ಲೆಯ ಕೆಲವು ಹಳ್ಳಿಗಳು ಕೂಡ, ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಕಂದು, ಮೂಳೆ ಬಾಗುವುದು. ಆ ಫ್ಲೋರೈಡ್ ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ಗ್ರಾನೈಟಿನ ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ನಿಧಾನಕ್ಕೆ ಬಿಟ್ಟುಕೊಂಡದ್ದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ಮೈಕ್ರೋಸ್ಕೋಪಿನಲ್ಲಿ ಬಣ್ಣ ಬದಲಾಯಿಸಿದ ಆ ಬಯೋಟೈಟನ್ನು ಸ್ಲೈಡಿನಲ್ಲಿ ನೋಡಿದವರಿಗೆ ಹಳ್ಳಿಯ ನಲ್ಲಿಯಲ್ಲಿ ಏನು ಬರುತ್ತಿದೆ ಅಂತ ಅಂದಾಜು ಮಾಡಲು ಬರುತ್ತದೆ.

ಗುಡ್ಡ ಜರಿಯುವ ವಿಷಯ ಬಿಟ್ಟು ಹೋಗಲು ಆಗುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗು. 2024ರ ಜುಲೈ 16ರಂದು ಅಂಕೋಲಾದ ಶಿರೂರು, ಹೆದ್ದಾರಿ ಪಕ್ಕದ ಗುಡ್ಡ ಜರಿದು ಗಂಗಾವಳಿ ನದಿಗೆ ಬಿತ್ತು. ಎರಡು ವಾರದಲ್ಲೇ ವಯನಾಡು. ಘಟ್ಟದಲ್ಲಿ ಮಳೆ ಜಾಸ್ತಿ, ಹಾಗಾಗಿ ಕಲ್ಲು ಆಳದವರೆಗೆ ಕೊಳೆತು ಮಣ್ಣಾಗಿರುತ್ತದೆ. ಅದರ ಕೆಳಗೆ ಗಟ್ಟಿ ಬಂಡೆ, ಇಳಿಜಾರಾಗಿ. ದಿನಗಟ್ಟಲೆ ಮಳೆ ಬಿದ್ದಾಗ ಮಣ್ಣಿನ ಕಣಗಳ ನಡುವಿನ ನೀರು ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ಗುಡ್ಡದ ಬುಡವನ್ನು ರಸ್ತೆಗೋ ಮನೆಗೋ ಕತ್ತರಿಸಿದ್ದರೆ ಮೇಲಿನ ಭಾರಕ್ಕೆ ಆಸರೆಯೇ ಇಲ್ಲ. ಇಷ್ಟನ್ನು ಬಿಎಸ್‌ಸಿ ಎರಡನೇ ವರ್ಷದ ಹುಡುಗಿ ವಿವರಿಸಬಲ್ಲಳು. ಎಲ್ಲಿ ಎಷ್ಟು ಕೋನದಲ್ಲಿ ಕತ್ತರಿಸಬೇಕು ಅಂತ ನಿರ್ಧಾರ ಮಾಡುವ ಮೀಟಿಂಗಿನಲ್ಲಿ ಅವಳನ್ನು ಕೂರಿಸುವುದಿಲ್ಲ, ಅಷ್ಟೇ. ದುರಂತ ಆದ ಮೇಲೆ ಭೂವಿಜ್ಞಾನಿಗಳನ್ನು ಕರೆಸುತ್ತಾರೆ. ನನಗೆ ಇದು ಸಿಟ್ಟು ತರಿಸುವ ವಿಷಯ, ಜಾಸ್ತಿ ಹೇಳುವುದಿಲ್ಲ.

ಕೆಲಸ ಸಿಗುತ್ತಾ? ಹಿಂದಿನ ಸಾಲಿನಲ್ಲಿ ಕೂತ ತಂದೆ ತಾಯಂದಿರು ಇದಕ್ಕೇ ಕಾಯುತ್ತಿದ್ದಾರೆ. ಬರೀ ಬಿಎಸ್‌ಸಿಗೆ ಕಷ್ಟ. ಕ್ವಾರಿ, ಗಣಿ, ಬೋರ್‌ವೆಲ್ ಸರ್ವೆ ಮಾಡುವ ಖಾಸಗಿಯವರ ಹತ್ತಿರ ಸಣ್ಣ ಸಂಬಳದ ಕೆಲಸ ಸಿಕ್ಕೀತು. ಎಂಎಸ್‌ಸಿ ಮಾಡಲೇಬೇಕು ಅಂತ ಇಟ್ಟುಕೊಳ್ಳಿ. ನಮ್ಮಲ್ಲೇ ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರು, ಧಾರವಾಡ, ಕಲಬುರಗಿ, ಶಂಕರಘಟ್ಟದ ಕುವೆಂಪು ವಿವಿ ಇವೆ. ಮಂಗಳೂರು ವಿವಿಯಲ್ಲಿ ಸಾಗರ ಭೂವಿಜ್ಞಾನ ಇದೆ. ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಧನಬಾದ್ ಸೇರಿದಂತೆ ಐಐಟಿಗಳಲ್ಲೂ ಎಂಎಸ್‌ಸಿ ಮಾಡಬಹುದು. ಆ ಪರೀಕ್ಷೆ ಇದೆ ಅಂತಲೇ ನಮ್ಮ ಹುಡುಗರಿಗೆ ಕೊನೆಯ ವರ್ಷದವರೆಗೆ ಗೊತ್ತಿರುವುದಿಲ್ಲ.

ಎಂಎಸ್‌ಸಿ ಆದ ಮೇಲೆ ಯುಪಿಎಸ್‌ಸಿ ನಡೆಸುವ ಜಿಯೋ ಸೈಂಟಿಸ್ಟ್ ಪರೀಕ್ಷೆ. ಜಿಎಸ್‌ಐಗೂ ಕೇಂದ್ರ ಅಂತರ್ಜಲ ಮಂಡಳಿಗೂ ಅದರಿಂದಲೇ ತೆಗೆದುಕೊಳ್ಳುತ್ತಾರೆ. ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ತೈಲ ಮತ್ತು ಕಲ್ಲಿದ್ದಲು ಕಂಪನಿಗಳಿಗೆ ಹೋದವರಿದ್ದಾರೆ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ, ಆದರೆ ಯಾವಾಗ ಅರ್ಜಿ ಕರೆಯುತ್ತಾರೆ ಅಂತ ನಂಬಿ ಕೂರುವುದು ಬೇಡ. ಉಪಗ್ರಹ ಚಿತ್ರ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು), ಸ್ವಲ್ಪ ಪೈಥಾನ್ ಕಲಿತವರಿಗೆ ಬೆಂಗಳೂರಿನಲ್ಲೇ ಕೆಲಸ ಇದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಪುಕ್ಕಟೆ, ಇವತ್ತೇ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದು.

ಹೆಣ್ಣುಮಕ್ಕಳ ಅಮ್ಮಂದಿರು ಯಾವಾಗಲೂ ಕೇಳುವ ಒಂದು ಪ್ರಶ್ನೆ ಇದೆ. ಗುಡ್ಡ ಗಣಿ ಅಂತ ತಿರುಗುವ ಕೆಲಸ ಇವಳಿಗೆ ಆಗುತ್ತಾ ಅಂತ. ನೆಲದಡಿಯ ಗಣಿಯಲ್ಲಿ ಹೆಂಗಸರು ಕೆಲಸ ಮಾಡಬಾರದು ಅಂತ 1952ರ ಗಣಿ ಕಾಯ್ದೆಯಲ್ಲೇ ಇತ್ತು. 2019ರಲ್ಲಿ ಅದನ್ನು ಸಡಿಲಿಸಿದರು, ತಾಂತ್ರಿಕ ಮತ್ತು ಮೇಲ್ವಿಚಾರಣೆ ಹುದ್ದೆಗಳಿಗೆ ಕೆಳಗೂ ಇಳಿಯಬಹುದು ಅಂತ ಮಾಡಿದರು. ಫೀಲ್ಡಿನಲ್ಲಿ ನಿಜವಾದ ತೊಂದರೆ ಅಂದರೆ ಶೌಚಾಲಯ. ಕ್ಯಾಂಪ್ ಹಾಕುವ ಕಾಲೇಜು ಮೊದಲು ಅದರ ವ್ಯವಸ್ಥೆ ಮಾಡಲಿ, ಮಿಕ್ಕದ್ದನ್ನು ಹುಡುಗಿಯರು ನೋಡಿಕೊಳ್ಳುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಮೊದಲ ಸೆಮಿಸ್ಟರ್ ತಲೆ ತಿರುಗುತ್ತದೆ. ಫೀಲ್ಡ್ ನೋಟ್‌ಬುಕ್ಕನ್ನು ಕನ್ನಡದಲ್ಲೇ ಬರೆಯಿರಿ, ಯಾರೂ ತಪ್ಪು ಅನ್ನುವುದಿಲ್ಲ. ಜತೆಗೆ ಚಿತ್ರ ಬಿಡಿಸಿ. ಫೋಟೋ ಹೊಡೆದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಫೋಟೋದಲ್ಲಿ ಎಲ್ಲವೂ ಬರುತ್ತದೆ, ಪೊದೆ, ನೆರಳು, ಸ್ನೇಹಿತನ ಶೂ. ಬಿಡಿಸುವಾಗ ಯಾವ ಗೆರೆ ಯಾವುದನ್ನು ಕತ್ತರಿಸಿದೆ ಅಂತ ನೀವೇ ತೀರ್ಮಾನ ಮಾಡಬೇಕಾಗುತ್ತದೆ. ಅಳತೆಗೆ ಪಕ್ಕದಲ್ಲಿ ಪೆನ್ನೋ ಸುತ್ತಿಗೆಯೋ ಇಡಿ, ಉತ್ತರ ದಿಕ್ಕು ಗುರುತು ಹಾಕಿ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯ ಇತ್ತು. ಒಬ್ಬ ಹುಡುಗ ಮಂಡ್ಯದ ಲಿಥಿಯಂ ಬಗ್ಗೆ ಕೇಳಿದ. ಮರ್ಲಗಾಲದ ಹತ್ತಿರ 1,600 ಟನ್ ಅಂದಾಜು ಮಾಡಿದ್ದಾರೆ, ಅದು ಆರಂಭಿಕ ಹಂತದ ಅಂದಾಜು, ಟಿವಿಯಲ್ಲಿ ಹೇಳಿದಷ್ಟು ಬೇಗ ಬ್ಯಾಟರಿ ಆಗುವುದಿಲ್ಲ ಅಂದೆ. ಇನ್ನೊಬ್ಬ ವಿದ್ಯಾರ್ಥಿನಿ, ಮೊದಲು ಏನು ಕೊಂಡುಕೊಳ್ಳಬೇಕು, ಸುತ್ತಿಗೆಯಾ ಅಂತ ಕೇಳಿದಳು. ಸುತ್ತಿಗೆ ಬೇಡ, ಅದನ್ನು ಡಿಪಾರ್ಟ್‌ಮೆಂಟಿನಲ್ಲಿ ಕೊಡುತ್ತಾರೆ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಸುತ್ತಿಗೆಯಿಂದ ಗ್ರಾನೈಟ್ ಹೊಡೆದರೆ ಉಕ್ಕಿನ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಸ್ಮಾರಕಗಳ ಹತ್ತಿರವಂತೂ ಯಾವ ಸುತ್ತಿಗೆಯನ್ನೂ ತೆಗೆಯಬಾರದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಲೆನ್ಸ್ ಕೊಂಡುಕೊಳ್ಳಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ನೋಡುವಾಗ ಲೆನ್ಸನ್ನು ಕಲ್ಲಿನ ಹತ್ತಿರ ಹಿಡಿದು ಬಗ್ಗಬೇಡಿ. ಕಣ್ಣಿಗೆ ಹತ್ತಿರ ಹಿಡಿದುಕೊಂಡು, ಬೆಳಕಿಗೆ ತಿರುಗಿ, ಕಲ್ಲನ್ನು ಲೆನ್ಸಿನ ಹತ್ತಿರ ತನ್ನಿ.